ದಾನಚಿಂತಾಮಣಿ ಅತ್ತಿಮಬ್ಬೆ: ಅಗಲಿಕೆಯನ್ನು ವ್ರತವಾಗಿಸಿಕೊಂಡ ಶ್ರಾವಿಕೆ

ಕರ್ನಾಟಕದ ಜೈನ ಸಮಾಜದಲ್ಲಿ ದಾನವೆಂಬ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವ ಹೆಸರು ಅತ್ತಿಮಬ್ಬೆಯದು. ರಾಜರು, ದಂಡನಾಯಕರು, ಶ್ರೇಷ್ಠಿಗಳು ಬಸದಿಗಳನ್ನು ಕಟ್ಟಿಸಿದ್ದಾರೆ, ದತ್ತಿಗಳನ್ನು ಬಿಟ್ಟಿದ್ದಾರೆ, ಕವಿಗಳನ್ನು ಪೋಷಿಸಿದ್ದಾರೆ. ಆದರೆ ಬೇಡಿದವರಿಗೆ ಬೇಡಿದ್ದನ್ನು ಕೊಡುವ ರತ್ನಕ್ಕೆ ಹೋಲಿಸಿ ದಾನಚಿಂತಾಮಣಿಯೆಂದು ಕವಿಯೂ ಶಾಸನವೂ ಜನರೂ ಒಂದೇ ಕಂಠದಿಂದ ಹೊಗಳಿದ್ದು ಈ ಮಹಾಸಾಧ್ವಿಯನ್ನು. ಸಾವಿರ ವರ್ಷಗಳು ಕಳೆದರೂ ಆ ಬಿರುದು ಮಾಸಿಲ್ಲ. ಕರ್ನಾಟಕ ಸರ್ಕಾರವು ಲೇಖಕಿಯರಿಗೆಂದು ಸ್ಥಾಪಿಸಿದ ಪ್ರಶಸ್ತಿಗೂ ಅದೇ ಹೆಸರನ್ನು ಇರಿಸಲಾಗಿದೆ.

ಈಕೆಯ ದಾನದ ಕಥೆ ಎಲ್ಲರಿಗೂ ತಿಳಿದಿದೆ. ಆ ದಾನದ ಹಿಂದೆ ಇದ್ದ ದುಃಖದ ಕಥೆಯನ್ನು ನೆನೆಯುವವರು ವಿರಳ. ತುಂಬಿದ ಮನೆಯಲ್ಲಿ ಪತಿಯನ್ನೂ ಒಡಹುಟ್ಟಿದ ತಂಗಿಯನ್ನೂ ಏಕಕಾಲದಲ್ಲಿ ಕಳೆದುಕೊಂಡ ಒಬ್ಬ ಗೃಹಿಣಿ, ಎಳೆಯ ಮಗನನ್ನು ಮುಂದಿಟ್ಟುಕೊಂಡು, ಉಳಿದ ಆಯುಷ್ಯವನ್ನು ಹೇಗೆ ಕಳೆಯಬೇಕೆಂಬ ಪ್ರಶ್ನೆಯನ್ನು ಎದುರಿಸಿದಳು. ಆಕೆ ಆ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಆಕೆಯ ಚರಿತ್ರೆ. ಇಂದಿಗೂ ಪ್ರತಿಯೊಂದು ಶ್ರಾವಕ ಕುಟುಂಬದ ಬಾಗಿಲಿಗೆ ಒಂದಲ್ಲ ಒಂದು ದಿನ ಅದೇ ಪ್ರಶ್ನೆ ಬಂದು ನಿಲ್ಲುತ್ತದೆ. ಆದುದರಿಂದ ಆ ಚರಿತ್ರೆಯ ಸ್ಮರಣೆ ಸಾರ್ಥಕವಾದುದು.

ತವರಿನ ಸಂಸ್ಕಾರ

ವೆಂಗಿಮಂಡಲದ ಕಮ್ಮೆನಾಡಿನ ಪುಂಗನೂರಿನಲ್ಲಿ ಕೌಂಡಿನ್ಯ ಗೋತ್ರದ ನಾಗಮಯ್ಯನೆಂಬ ಜೈನ ಬ್ರಾಹ್ಮಣನಿದ್ದನು. ಆತನಿಗೆ ಮಲ್ಲಪಯ್ಯ ಮತ್ತು ಪುನ್ನಮಯ್ಯರೆಂಬ ಇಬ್ಬರು ಮಕ್ಕಳು. ಇಬ್ಬರೂ ಶಸ್ತ್ರದಲ್ಲಿಯೂ ಶಾಸ್ತ್ರದಲ್ಲಿಯೂ ಪರಿಣತರು. ಮಲ್ಲಪಯ್ಯನ ಧರ್ಮಪತ್ನಿ ಅಪ್ಪಕಬ್ಬೆ. ಈ ದಂಪತಿಗಳ ಹಲವು ಮಕ್ಕಳಲ್ಲಿ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಎಂಬ ಇಬ್ಬರು ಹೆಣ್ಣುಮಕ್ಕಳು.

ಆ ಮನೆಯಲ್ಲಿ ಅಗಲಿದವರನ್ನು ನೆನೆಯುವ ಒಂದು ಉದಾತ್ತವಾದ ರೀತಿ ಮೊದಲೇ ಇತ್ತು. ಮಲ್ಲಪಯ್ಯ ಪುನ್ನಮಯ್ಯರ ಗುರುಗಳು ಜಿನಚಂದ್ರದೇವರು. ಅವರು ಸ್ವರ್ಗಸ್ಥರಾದಾಗ ಸಹೋದರರಿಬ್ಬರೂ ಅವರ ಸ್ಮರಣಾರ್ಥವಾಗಿ ಒಂದು ಪುರಾಣವನ್ನು ಬರೆಯಿಸಲು ಸಂಕಲ್ಪಿಸಿದರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದಿದ್ದ ಪೊನ್ನನು ಅವರ ಪ್ರಾರ್ಥನೆಯಂತೆ ಹದಿನಾರನೆಯ ತೀರ್ಥಂಕರರ ಚರಿತ್ರೆಯಾದ ಶಾಂತಿಪುರಾಣವನ್ನು ಹನ್ನೆರಡು ಆಶ್ವಾಸಗಳಲ್ಲಿ ರಚಿಸಿದನು. ಹೀಗೆ ಗುರುವಿಯೋಗದಿಂದ ಒಂದು ಮಹಾಕಾವ್ಯವೇ ಹುಟ್ಟಿತು. ಸತ್ತವರಿಗಾಗಿ ಅತ್ತು ಸುಮ್ಮನಾಗದೆ, ಅವರು ಪ್ರೀತಿಸಿದ ಧರ್ಮವು ಇತರರಿಗೆ ದೊರೆಯುವಂತೆ ಮಾಡಬೇಕೆಂಬ ಪಾಠವನ್ನು ಅತ್ತಿಮಬ್ಬೆಯು ತವರಿನಿಂದಲೇ ಹೊತ್ತು ತಂದಳು.

ಆ ತವರು ಸಾವನ್ನು ಹತ್ತಿರದಿಂದ ಕಂಡ ಮನೆಯೂ ಹೌದು. ಚಿಕ್ಕಪ್ಪನಾದ ಪುನ್ನಮಯ್ಯನು ಕಾವೇರಿಯ ತೀರದ ಕಾಳಗದಲ್ಲಿ ಮಡಿದನು. ಅದು ಯುದ್ಧಗಳ ಕಾಲ. 973ರಲ್ಲಿ ರಾಷ್ಟ್ರಕೂಟರ ಆಳ್ವಿಕೆ ಕುಸಿದು, ಚಾಲುಕ್ಯ ವಂಶದ ತೈಲಪನು ರಾಜ್ಯವನ್ನು ಮತ್ತೆ ಗಳಿಸಿದನು. ಉತ್ತರದಲ್ಲಿ ಪರಮಾರರು, ದಕ್ಷಿಣದಲ್ಲಿ ಚೋಳರು. ಎರಡು ಕಡೆಯಿಂದಲೂ ಕಾಳಗ ತಪ್ಪಿದ್ದಲ್ಲ. ಸೇನಾನಾಯಕರ ಮನೆಯ ಸ್ತ್ರೀಯರಿಗೆ ಪತಿಯ ಕ್ಷೇಮವೆಂಬುದು ದಿನದಿನದ ಚಿಂತೆಯಾಗಿತ್ತು.

ದಾಂಪತ್ಯ ಮತ್ತು ವಿಯೋಗ

ತೈಲಪನ ಮಹಾಮಾತ್ಯನಾಗಿದ್ದವನು ದಲ್ಲಪ. ಆತನ ಮಗ ನಾಗದೇವನು ಶೂರನೆಂದು ಹೆಸರಾಗಿ ಅರಸನ ಆದರಕ್ಕೆ ಪಾತ್ರನಾಗಿದ್ದ ತರುಣ. ಮಲ್ಲಪಯ್ಯನು ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಆತನಿಗೇ ಕೊಟ್ಟು ವಿವಾಹ ಮಾಡಿದನು. ಅಕ್ಕತಂಗಿಯರು ಸವತಿಯರಾದರೂ ಒಡಹುಟ್ಟಿದವರ ಪ್ರೀತಿ ಕೆಡಲಿಲ್ಲ. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗ ಹುಟ್ಟಿದನು. ರಾಜಮನ್ನಣೆ, ಐಶ್ವರ್ಯ, ಸತ್ಸಂತಾನ, ಜಿನಭಕ್ತಿ ಎಲ್ಲವೂ ಆ ಮನೆಯಲ್ಲಿ ನೆಲೆಗೊಂಡಿದ್ದವು.

ಅಂತಹ ಮನೆಯ ದೀಪವು ಅಕಾಲದಲ್ಲಿ ನಂದಿತು. ನಾಗದೇವನು ತಾರುಣ್ಯದಲ್ಲಿಯೇ ಮರಣಕ್ಕೆ ತುತ್ತಾದನು. ಹಿರಿಯರಿಗೆ ಮಗ ಹೋದ. ಅರಸನಿಗೆ ನೆಚ್ಚಿನ ದಂಡನಾಯಕ ಹೋದ. ಜೊತೆಗೆ ಕಾದಿದವರಿಗೆ ಗೆಳೆಯ ಹೋದ. ಬಾಲಕ ಅಣ್ಣಿಗದೇವನಿಗೆ ತಂದೆ ಹೋದ. ಅತ್ತಿಮಬ್ಬೆಯ ಪಾಲಿಗೆ ಬಂದ ದುಃಖವು ಇವೆಲ್ಲಕ್ಕೂ ಮಿಗಿಲಾದುದು. ತಂಗಿ ಗುಂಡಮಬ್ಬೆಯು ಅಗಲಿಕೆಯನ್ನು ತಾಳಲಾರದೆ ಪತಿಯೊಡನೆ ಸಹಗಮನ ಮಾಡಿದಳು. ಒಂದೇ ತಾಯಿಯ ಮಡಿಲಲ್ಲಿ ಬೆಳೆದು, ಒಂದೇ ಮನೆಗೆ ಸೊಸೆಯಾಗಿ ಬಂದಿದ್ದ ಆ ಇಬ್ಬರಲ್ಲಿ ಒಬ್ಬಳು ಉರಿಯನ್ನು ಹೊಕ್ಕಳು, ಇನ್ನೊಬ್ಬಳು ಉಳಿದಳು.

ಉಳಿಯುವುದೇ ಕಠಿನವಾಗಿತ್ತು. ವೀರರ ಮನೆತನಗಳಲ್ಲಿ ಸಹಗಮನವನ್ನು ಹೊಗಳಿ ಮಾಸ್ತಿಕಲ್ಲುಗಳನ್ನು ನಿಲ್ಲಿಸುತ್ತಿದ್ದ ಕಾಲವದು. ಬದುಕಿ ಉಳಿದವಳಿಗೆ ಅಂತಹ ಕಲ್ಲಿಲ್ಲ. ಆದರೆ ಜಿನಾಗಮದ ಅಭಿಪ್ರಾಯವು ಸ್ಪಷ್ಟವಾಗಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯ ಲಕ್ಷಣವನ್ನು ಹೇಳುವಾಗ, ಪುಣ್ಯವೆಂದು ಬಗೆದು ನದೀಸಮುದ್ರಗಳಲ್ಲಿ ಮೀಯುವುದು, ಬೆಟ್ಟದಿಂದ ಬೀಳುವುದು ಇವುಗಳ ಜೊತೆಯಲ್ಲಿಯೇ ಅಗ್ನಿಪ್ರವೇಶವನ್ನೂ ಎಣಿಸಿದ್ದಾರೆ. ಗುಂಡಮಬ್ಬೆಯ ಪ್ರೀತಿಯನ್ನು ಯಾರೂ ಕಡೆಗಣಿಸಬೇಕಾಗಿಲ್ಲ. ಆದರೆ ಮನುಷ್ಯಜನ್ಮವು ದುರ್ಲಭ. ಸಂಯಮಕ್ಕೆ ಸಾಧನವಾದ ಶರೀರವನ್ನು ಶೋಕದ ಆವೇಗದಲ್ಲಿ ಕಳೆಯುವುದು ಧರ್ಮವಾಗದು. ಅತ್ತಿಮಬ್ಬೆಯು ಆಗಮಸಮ್ಮತವಾದ ದಾರಿಯನ್ನು ಹಿಡಿದಳು. ಆ ದಾರಿಯಲ್ಲಿ ಒಂದು ದಿನದ ಧೈರ್ಯ ಸಾಲದು. ಆಯುಷ್ಯವಿಡೀ ಧೈರ್ಯ ಬೇಕು.

ಶೋಕದಿಂದ ವ್ರತಕ್ಕೆ

ಪ್ರಿಯರಾದವರು ಅಗಲಿದಾಗ ಮನಸ್ಸು ಅವರನ್ನೇ ಮತ್ತೆ ಮತ್ತೆ ಬಯಸಿ ಕುದಿಯುವುದನ್ನು ಶಾಸ್ತ್ರಗಳು ಇಷ್ಟವಿಯೋಗಜವೆಂಬ ಆರ್ತಧ್ಯಾನವೆಂದು ಹೆಸರಿಸುತ್ತವೆ. ಶೋಕ, ಆಕ್ರಂದನ, ಪರಿದೇವನಗಳು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳಿದ್ದಾರೆ. ದುಃಖಿಸುವವರನ್ನು ನಿಂದಿಸಲು ಅವರು ಈ ಮಾತನ್ನು ಹೇಳಿದ್ದಲ್ಲ. ಇಂದಿನ ಅಳು ನಾಳಿನ ಅಳುವಿಗೆ ಬೀಜವಾಗುವುದನ್ನು ತಪ್ಪಿಸಲು ಹೇಳಿದರು. ಆರ್ತಧ್ಯಾನದಲ್ಲಿ ಸಿಲುಕಿದ ಮನಸ್ಸನ್ನು ಬರಿಯ ಉಪದೇಶದಿಂದ ಬಿಡಿಸಲಾಗದು. ಅದಕ್ಕೆ ಧರ್ಮಧ್ಯಾನದ ಆಸರೆಯನ್ನು ಕೊಡಬೇಕು. ವ್ರತೋಪವಾಸಗಳು ಆ ಆಸರೆ.

ಪತಿವಿಯೋಗದ ತರುವಾಯ ಅತ್ತಿಮಬ್ಬೆಯು ಅಂತಹ ಜೀವನವನ್ನೇ ಕೈಕೊಂಡಳು. ಭೋಗಗಳನ್ನು ತೊರೆದು, ವ್ರತನಿಯಮಗಳಿಂದ ಶರೀರವನ್ನು ಕೃಶಗೊಳಿಸಿಕೊಂಡು, ಶ್ರಾವಿಕೆಯ ಧರ್ಮವನ್ನು ನಿಷ್ಠೆಯಿಂದ ಆಚರಿಸಿದ ಚಿತ್ರವನ್ನು ರನ್ನಕವಿಯು ಬಿಡಿಸಿದ್ದಾನೆ. ಮನೆಯನ್ನು ಮಾತ್ರ ಆಕೆ ತೊರೆಯಲಿಲ್ಲ. ತಂದೆಯಿಲ್ಲದ ಮಗನನ್ನು ಸಾಕಿ, ಸಂಸ್ಕಾರ ಕೊಟ್ಟು, ಯೋಗ್ಯನನ್ನಾಗಿ ಬೆಳೆಸಿದಳು. ಅಣ್ಣಿಗದೇವನು ಪಡೆವಳನ, ಎಂದರೆ ಸೇನಾಪತಿಯ, ಪದವಿಗೆ ಏರಿ ಪಡೆವಳ ತೈಲನೆಂದು ಪ್ರಸಿದ್ಧನಾದನು. ತಾಯ್ತನವನ್ನೂ ತಪಸ್ಸನ್ನೂ ಒಟ್ಟಿಗೆ ನಡೆಸಿದ ಗೃಹಿಣಿಯೆಂಬುದೇ ಆಕೆಯ ವೈಶಿಷ್ಟ್ಯ.

ದೇವಪೂಜೆ, ಗುರೂಪಾಸ್ತಿ, ಸ್ವಾಧ್ಯಾಯ, ಸಂಯಮ, ತಪ, ದಾನ ಎಂಬ ಗೃಹಸ್ಥರ ಷಟ್ಕರ್ಮಗಳಲ್ಲಿ ತಪದ ಮಗ್ಗುಲಲ್ಲಿಯೇ ದಾನವನ್ನು ಇರಿಸಿರುವುದು ಅರ್ಥವತ್ತಾಗಿದೆ. ಉಪವಾಸವು ಬಾಯಿಯ ಆಸೆಯನ್ನು ಕುಗ್ಗಿಸುತ್ತದೆ. ದಾನವು ಕೈಯ ಆಸೆಯನ್ನು ಕುಗ್ಗಿಸುತ್ತದೆ. ಒಂದು ಹೊತ್ತಿನ ಅನ್ನವನ್ನು ಬಿಟ್ಟವನು ಭಂಡಾರದ ಮೇಲಿನ ಮಮತೆಯನ್ನು ಬಿಡದಿದ್ದರೆ ವ್ರತವು ಅರ್ಧವೇ ಆಯಿತು. ಅತ್ತಿಮಬ್ಬೆಯಲ್ಲಿ ಈ ಎರಡೂ ಪೂರ್ಣವಾದವು. ತನಗೆಂದು ಕಡಿಮೆ ಮಾಡಿಕೊಂಡಷ್ಟೂ ಪರರಿಗೆಂದು ಹೆಚ್ಚಿಸುತ್ತ ಹೋದಳು.

ಸಾವಿರ ಪ್ರತಿಗಳು

ಆಕೆಯ ದಾನಗಳಲ್ಲಿ ಜಗತ್ತಿನ ಸಾಹಿತ್ಯಚರಿತ್ರೆಯಲ್ಲಿಯೇ ಎಣಿಸತಕ್ಕದ್ದು ಶಾಸ್ತ್ರದಾನ. ತಂದೆಯೂ ಚಿಕ್ಕಪ್ಪನೂ ಗುರುಸ್ಮರಣೆಗಾಗಿ ಬರೆಯಿಸಿದ್ದ ಶಾಂತಿಪುರಾಣವು ಪ್ರತಿಗಳ ಕೊರತೆಯಿಂದ ಮರೆಯಾಗಬಾರದೆಂದು ಬಗೆದು, ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಚಿನ್ನ ರತ್ನಗಳ 1,500 ಜಿನಬಿಂಬಗಳನ್ನು ಮಾಡಿಸಿ ದಾನಮಾಡಿದಳೆಂಬುದೂ ಪ್ರಸಿದ್ಧವಾಗಿದೆ.

ಅಚ್ಚಿನ ಯಂತ್ರವಿರುವ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಅಲ್ಪವೆಂದು ತೋರಬಹುದು. ಅಂದು ಗ್ರಂಥವೆಂದರೆ ಓಲೆಯ ಕಟ್ಟು. ತಾಳೆಯ ಗರಿಗಳನ್ನು ಆಯ್ದು, ಹದಮಾಡಿ, ಒಣಗಿಸಿ, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಕೊರೆದ ಗೆರೆಗಳು ಕಾಣುವಂತೆ ಮಸಿಯನ್ನು ತೊಡೆಯಬೇಕು. ರಂಧ್ರವಿಟ್ಟು ದಾರ ಪೋಣಿಸಿ, ಹಲಗೆಗಳ ನಡುವೆ ಬಿಗಿಯಬೇಕು. ಒಬ್ಬ ಲಿಪಿಕಾರನು ತಿಂಗಳಿಗೆ ಒಂದು ಪ್ರತಿಯಂತೆ ಬರೆದರೂ ಸಾವಿರ ಪ್ರತಿಗಳಿಗೆ 83 ವರ್ಷಗಳಿಗೂ ಮಿಗಿಲಾದ ಕಾಲ ಬೇಕಾಗುತ್ತದೆ. ಎಷ್ಟು ಲಿಪಿಕಾರರಿಗೆ ಆಕೆ ಅನ್ನವಿಕ್ಕಿರಬೇಕು, ಎಷ್ಟು ಕುಟುಂಬಗಳು ಆ ಒಂದು ಸಂಕಲ್ಪದಿಂದ ಬದುಕಿರಬೇಕು ಎಂಬುದನ್ನು ಇದರಿಂದ ತಿಳಿಯಬಹುದು.

ರಾಜ್ಯಗಳು ಉರುಳುತ್ತಿದ್ದ ಆ ಕಾಲದಲ್ಲಿ ಒಂದೇ ಕಡೆ ಇರುವ ಗ್ರಂಥವು ಒಂದೇ ಬೆಂಕಿಗೆ ಆಹುತಿಯಾಗಬಲ್ಲದು. ಸಾವಿರ ಕಡೆ ಇರುವ ಗ್ರಂಥವನ್ನು ಯಾವ ಬೆಂಕಿಯೂ ಸುಡಲಾರದು. ಪತಿಯನ್ನೂ ತಂಗಿಯನ್ನೂ ಕಳೆದುಕೊಂಡವಳಿಗೆ ನಾಶವೆಂದರೇನೆಂಬುದು ಗೊತ್ತಿತ್ತು. ತವರಿನ ಹಿರಿಯರ ಪುಣ್ಯಸ್ಮರಣೆಯನ್ನು ಆಕೆ ಪೆಟ್ಟಿಗೆಯಲ್ಲಿ ಮುಚ್ಚಿಡಲಿಲ್ಲ. ಊರೂರಿಗೆ ಹಂಚಿ ಉಳಿಸಿಕೊಂಡಳು.

ಅಜಿತಪುರಾಣದ ಪ್ರೇರಣೆ

ಇದ್ದ ಗ್ರಂಥವನ್ನು ಉಳಿಸಿದುದಲ್ಲದೆ ಹೊಸ ಗ್ರಂಥದ ಹುಟ್ಟಿಗೂ ಅತ್ತಿಮಬ್ಬೆಯು ಕಾರಣಳಾದಳು. ಬಳೆಗಾರರ ಕುಲದಲ್ಲಿ 949ರಲ್ಲಿ ಹುಟ್ಟಿ, ವಿದ್ಯೆಯನ್ನು ಅರಸುತ್ತ ದಕ್ಷಿಣಕ್ಕೆ ಬಂದು, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯದಲ್ಲಿ ಬೆಳೆದವನು ರನ್ನ. ಮುಂದೆ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ಆತನಿಂದ ಅತ್ತಿಮಬ್ಬೆಯು ಎರಡನೆಯ ತೀರ್ಥಂಕರರ ಚರಿತ್ರೆಯನ್ನು ಬರೆಯಿಸಿದಳು. 993ರಲ್ಲಿ ಅಜಿತಪುರಾಣವು ಪೂರ್ಣವಾಯಿತು. ಅದರಲ್ಲಿ ಕವಿಯು ಪೋಷಕಿಯ ವಂಶವನ್ನೂ ನಾಗದೇವನನ್ನೂ ಗುಂಡಮಬ್ಬೆಯನ್ನೂ ವಿಸ್ತಾರವಾಗಿ ಸ್ಮರಿಸಿದನು. ಇಂದು ನಾಗದೇವನೆಂಬ ಒಬ್ಬ ದಂಡನಾಯಕನಿದ್ದನೆಂದು ಲೋಕಕ್ಕೆ ತಿಳಿದಿದ್ದರೆ, ಆತನ ಪತ್ನಿಯು ಬರೆಯಿಸಿದ ಪುರಾಣವೇ ಅದಕ್ಕೆ ಮುಖ್ಯ ಕಾರಣ.

ಆ ಪುರಾಣದಲ್ಲಿ ಅಜಿತನಾಥರ ಕಥೆಯೊಡನೆ ಸಗರ ಚಕ್ರವರ್ತಿಯ ಕಥೆಯೂ ಬರುತ್ತದೆ. ಸಗರನಿಗೆ ಅರುವತ್ತು ಸಾವಿರ ಮಕ್ಕಳು. ಹಿಂದಿನ ಜನ್ಮದಲ್ಲಿ ಆತನ ಗೆಳೆಯನಾಗಿದ್ದ ಮಣಿಕೇತುವೆಂಬ ದೇವನು, ಕೊಟ್ಟ ಮಾತಿನಂತೆ ಸಗರನಿಗೆ ವೈರಾಗ್ಯವನ್ನು ಉಂಟುಮಾಡಲು ಹಲವು ಬಾರಿ ಪ್ರಯತ್ನಿಸುತ್ತಾನೆ. ಪುತ್ರಮೋಹದಲ್ಲಿ ಮುಳುಗಿದ ಚಕ್ರವರ್ತಿಗೆ ಯಾವ ಮಾತೂ ನಾಟುವುದಿಲ್ಲ. ಕಡೆಗೆ ಆ ದೇವನು ತನ್ನ ಮಾಯೆಯಿಂದ ರಾಜಕುಮಾರರನ್ನು ಮೃತರಂತೆ ಕೆಡಹಿ, ಮುದಿ ಬ್ರಾಹ್ಮಣನ ವೇಷದಲ್ಲಿ ಸಗರನ ಬಳಿಗೆ ಬಂದು, ಸತ್ತ ತನ್ನ ಒಬ್ಬನೇ ಮಗನನ್ನು ಬದುಕಿಸಿಕೊಡಬೇಕೆಂದು ಮೊರೆಯಿಡುತ್ತಾನೆ. ಯಮನ ಬಾಯಿಗೆ ಬಿದ್ದವರನ್ನು ತರಬಲ್ಲವರಿಲ್ಲವೆಂದೂ, ಶೋಕವನ್ನು ಬಿಟ್ಟು ದೀಕ್ಷೆಯನ್ನು ಹಿಡಿಯುವುದೇ ಲೇಸೆಂದೂ ಚಕ್ರವರ್ತಿಯು ಆತನಿಗೆ ಬುದ್ಧಿ ಹೇಳುತ್ತಾನೆ. ಆಗ ಬ್ರಾಹ್ಮಣನು ಸಗರನ ಮಕ್ಕಳೆಲ್ಲರೂ ಮಡಿದ ಸುದ್ದಿಯನ್ನು ತಿಳಿಸುತ್ತಾನೆ. ಪರರಿಗೆ ಹೇಳಿದ ಮಾತು ತನ್ನ ಮೇಲೆಯೇ ಬಂದು ನಿಂತಾಗ ಸಗರನು ಹಿಂಜರಿಯಲಿಲ್ಲ. ರಾಜ್ಯವನ್ನು ತೊರೆದು ದೀಕ್ಷೆಗೊಂಡನು. ಮಾಯೆ ಹರಿದು ಎಚ್ಚತ್ತ ಮಕ್ಕಳೂ ತಂದೆಯ ಹಾದಿಯನ್ನೇ ಹಿಡಿದರು.

ವಿಯೋಗದಿಂದ ಬೆಂದ ಮನಸ್ಸಿನವಳು ಬರೆಯಿಸಿದ ಗ್ರಂಥದಲ್ಲಿ ವಿಯೋಗವನ್ನು ಗೆದ್ದವನ ಈ ಕಥೆಯಿರುವುದು ಗಮನಾರ್ಹ. ಅನ್ಯರ ಮನೆಯ ಸಾವಿಗೆ ಅನಿತ್ಯಾನುಪ್ರೇಕ್ಷೆಯನ್ನು ಹೇಳುವುದು ಸುಲಭ. ತನ್ನ ಮನೆಯ ಸಾವಿಗೆ ಅದನ್ನು ಹೇಳಿಕೊಳ್ಳುವುದು ಕಷ್ಟ. ಅತ್ತಿಮಬ್ಬೆಯ ಜೀವನವೂ ಸಗರನ ಕಥೆಯೂ ಈ ಒಂದೇ ಪರೀಕ್ಷೆಯ ಎರಡು ನಿದರ್ಶನಗಳು.

ರನ್ನನು ತನ್ನ ಕೃತಜ್ಞತೆಯನ್ನು ಕಾವ್ಯದಲ್ಲಿ ಮಾತ್ರ ತೋರಿಸಲಿಲ್ಲ. ಮಗನಿಗೆ ಚಾವುಂಡರಾಯನ ನೆನಪಿಗಾಗಿ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟನು. ಕವಿಯ ಮನೆಯಂಗಳದಲ್ಲಿ ದಿನವೂ ಕರೆಯುವ ಹೆಸರಾಗುವುದಕ್ಕಿಂತ ದೊಡ್ಡ ಮನ್ನಣೆ ದಾನಿಗೆ ಯಾವುದಿದೆ?

ಯಾತ್ರೆಯ ನಿಯಮ ಮತ್ತು ಲೊಕ್ಕಿಗುಂಡಿಯ ಬಸದಿ

981ರಲ್ಲಿ ಚಾವುಂಡರಾಯನು ಶ್ರವಣಬೆಳಗೊಳದ ಹಿರಿಯ ಬೆಟ್ಟದ ಮೇಲೆ ಗೊಮ್ಮಟೇಶ್ವರನನ್ನು ಪ್ರತಿಷ್ಠಾಪಿಸಿದ ಮೇಲೆ, ಆ ದರ್ಶನಕ್ಕಾಗಿ ನಾಡಿನ ಶ್ರಾವಕರು ತವಕಿಸುತ್ತಿದ್ದರು. ಸ್ವಾಮಿಯ ದರ್ಶನವಾಗುವವರೆಗೆ ಅನ್ನವನ್ನು ಮುಟ್ಟುವುದಿಲ್ಲವೆಂಬ ನಿಯಮವನ್ನು ಹಿಡಿದು ಅತ್ತಿಮಬ್ಬೆಯು ಯಾತ್ರೆ ಕೈಕೊಂಡಳೆಂದೂ, ಉರಿಬಿಸಿಲಿನಲ್ಲಿ ಬೆಟ್ಟವನ್ನು ಏರಿ ಬಳಲಿದ ಆ ಸಾಧ್ವಿಯ ದಣಿವಾರುವಂತೆ ಅಕಾಲದಲ್ಲಿ ಮಳೆ ಸುರಿಯಿತೆಂದೂ ಹೇಳಲಾಗುತ್ತದೆ. ಉಕ್ಕಿ ಹರಿಯುತ್ತಿದ್ದ ಗೋದಾವರಿಯು ಆಕೆಯ ಜಿನಭಕ್ತಿಯ ಮುಂದೆ ಇಳಿಯಿತೆಂಬ ಕಥೆಯೂ ಉಂಟು. ಇಂತಹ ಅತಿಶಯಗಳು ಆಕೆಯ ಬಗ್ಗೆ ಜನರಿಗಿದ್ದ ಶ್ರದ್ಧೆಯನ್ನು ಸಾರುತ್ತವೆ. ಮಳೆ ಬಂದುದಕ್ಕಿಂತ, ಮಳೆ ಬರುವುದೆಂದು ತಿಳಿಯದೆಯೇ ಆಕೆ ನಿಯಮವನ್ನು ಬಿಡದೆ ಬೆಟ್ಟ ಹತ್ತಿದುದು ವ್ರತಧಾರಿಗಳಿಗೆ ಹೆಚ್ಚಿನ ಪಾಠ.

ತೈಲಪನು 997ರಲ್ಲಿ ಕಾಲವಾಗಿ ಆತನ ಮಗ ಇರಿವಬೆಡಂಗ ಸತ್ಯಾಶ್ರಯನು ಪಟ್ಟಕ್ಕೆ ಬಂದನು. ಆತನ ಕಾಲದಲ್ಲಿ ಅತ್ತಿಮಬ್ಬೆಯು ಲೊಕ್ಕಿಗುಂಡಿಯಲ್ಲಿ, ಎಂದರೆ ಗದಗಿನ ಸಮೀಪದ ಇಂದಿನ ಲಕ್ಕುಂಡಿಯಲ್ಲಿ, ಭವ್ಯವಾದ ಜಿನಾಲಯವನ್ನು ಕಟ್ಟಿಸಿದಳು. ಶಕವರ್ಷ 929ರ, ಎಂದರೆ ಕ್ರಿ.ಶ. 1007ರ, ಶಾಸನವು ಆ ಬಸದಿಗೆ ಭೂಮಿಯನ್ನು ಬಿಟ್ಟು ಸೂರಸ್ಥಗಣದ ಅರ್ಹನಂದಿ ಪಂಡಿತರಿಗೆ ಒಪ್ಪಿಸಿದುದನ್ನು ದಾಖಲಿಸಿದೆ. ಬ್ರಹ್ಮಜಿನಾಲಯವೆಂದು ಹೆಸರಾದ ಆ ಬಸದಿಯನ್ನು ಇಂದಿಗೂ ಯಾತ್ರಿಕರು ಕಾಣಬಹುದು. ಕಟ್ಟಿಸಿ ಬಿಡದೆ, ಪೂಜೆಯೂ ಆಹಾರದಾನವೂ ಜೀರ್ಣೋದ್ಧಾರವೂ ನಿಲ್ಲದೆ ನಡೆಯಲೆಂದು ದತ್ತಿಯನ್ನು ಬಿಡುವುದು ಆ ಕಾಲದ ದಾನಿಗಳ ದೂರದೃಷ್ಟಿಯಾಗಿತ್ತು.

ಅಜಿತಪುರಾಣವು ಮುಗಿದುದು 993ರಲ್ಲಿ. ಲಕ್ಕುಂಡಿಯ ಶಾಸನವು 1007ರದು. ನಡುವೆ 14 ವರ್ಷಗಳು. ನಾಗದೇವನ ಮರಣವು ಪುರಾಣಕ್ಕೂ ಹಿಂದಿನದು. ಇಷ್ಟು ದೀರ್ಘಕಾಲ ಆಕೆಯ ದಾನದ ಕೈ ತಗ್ಗಲಿಲ್ಲ. ಶೋಕದ ಬಿಸಿಯಲ್ಲಿ ಮಾಡುವ ಸಂಕಲ್ಪಗಳು ಶೋಕವಾರಿದಂತೆ ಸಡಿಲವಾಗುವುದು ಲೋಕದ ರೂಢಿ. ಆರಂಭಿಸಿದುದನ್ನು ಕಡೆಯವರೆಗೆ ನಡೆಸುವುದರಿಂದಲೇ ಸಂಕಲ್ಪವು ವ್ರತವೆನಿಸುತ್ತದೆ. ಮುಂದಿನ ಶತಮಾನಗಳ ಶಾಸನಗಳು ದಾನಶೀಲೆಯರಾದ ಸ್ತ್ರೀಯರನ್ನು ಹೊಗಳುವಾಗ ಅತ್ತಿಮಬ್ಬೆಗೆ ಹೋಲಿಸಿದುದು ಈ ನಿಷ್ಠೆಗೆ ಸಂದ ಗೌರವ.

ಶ್ರಾವಕ ಕುಟುಂಬಗಳಿಗೆ ಆದರ್ಶ

ಒಬ್ಬನು ಮಾಡಿದ ಪುಣ್ಯವನ್ನು ಅಗಲಿದ ಇನ್ನೊಬ್ಬನಿಗೆ ತಲುಪಿಸಲಾಗದೆಂಬುದು ಜಿನಮತದ ನಿಲುವು. ಜೀವನು ತಾನು ಕಟ್ಟಿದ ಕರ್ಮದ ಫಲವನ್ನು ತಾನೇ ಉಣ್ಣುತ್ತಾನೆ. ಹಾಗಾದರೆ ಸ್ಮರಣಾರ್ಥವಾಗಿ ಮಾಡುವ ದಾನಕ್ಕೆ ಫಲವೇನು? ತತ್ತ್ವಾರ್ಥಸೂತ್ರದ ಪ್ರಕಾರ ದಾನವು ಸ್ವಪರಾನುಗ್ರಹಕ್ಕಾಗಿ ತನ್ನದನ್ನು ಬಿಡುವುದು. ಪಡೆದವರಿಗೆ ಅನ್ನ, ಔಷಧ, ಅಭಯ, ಜ್ಞಾನಗಳು ದೊರೆಯುತ್ತವೆ. ಕೊಟ್ಟವರಿಗೆ ಲೋಭ ತಗ್ಗಿ, ಆರ್ತಧ್ಯಾನ ಕಳೆದು, ಪರಿಣಾಮವು ಶುದ್ಧವಾಗುತ್ತದೆ. ಅಗಲಿದವರ ಹೆಸರು ಕಣ್ಣೀರಿನೊಡನೆ ಮಾತ್ರ ಸೇರಿಕೊಂಡಿರದೆ ಒಂದು ಸತ್ಕಾರ್ಯದೊಡನೆ ಸೇರಿಕೊಳ್ಳುತ್ತದೆ. ಮಕ್ಕಳು ಮೊಮ್ಮಕ್ಕಳು ಆ ಹೆಸರನ್ನು ಕೇಳಿದಾಗ ಸಾವನ್ನು ನೆನೆಯದೆ ಧರ್ಮವನ್ನು ನೆನೆಯುತ್ತಾರೆ.

ಮನೆಯ ಯಜಮಾನನು ಅಗಲಿದ ತಿಥಿಯಂದು ಏಕಾಶನವನ್ನೋ ಉಪವಾಸವನ್ನೋ ಹಿಡಿದು, ಅಭಿಷೇಕ ಪೂಜೆಗಳನ್ನು ಮಾಡಿಸಿ, ಒಂದು ಶಾಸ್ತ್ರಗ್ರಂಥವನ್ನು ಅಚ್ಚು ಹಾಕಿಸಿ ಸ್ವಾಧ್ಯಾಯಿಗಳಿಗೆ ಹಂಚುವ ಪದ್ಧತಿಯು ಅನೇಕ ಕುಟುಂಬಗಳಲ್ಲಿದೆ. ಗ್ರಂಥದ ಮೊದಲ ಪುಟದಲ್ಲಿ ಅಗಲಿದ ಪತಿಯ, ತಂದೆಯ, ಗೆಳೆಯನ ಹೆಸರನ್ನು ಕಾಣುವಾಗ, ಅದು ಸಾವಿರ ಓಲೆಯ ಕಟ್ಟುಗಳನ್ನು ಹಂಚಿದ ಅತ್ತಿಮಬ್ಬೆಯ ಪರಂಪರೆಯೆಂಬುದನ್ನು ನೆನೆಯಬೇಕು. ಶಕ್ತಿಯಿದ್ದವರು ಸಾವಿರ ಪ್ರತಿ ಕೊಡಲಿ. ಇಲ್ಲದವರು ಒಂದನ್ನೇ ಕೊಡಲಿ. ಅದೂ ಆಗದವರು ಇರುವ ಗ್ರಂಥವನ್ನು ನಾಲ್ವರಿಗೆ ಓದಿ ಹೇಳಲಿ. ದಾನದ ಬೆಲೆಯನ್ನು ಭಾವವು ನಿರ್ಣಯಿಸುತ್ತದೆ.

ಪತಿಯ ಚಿತೆಯ ಮುಂದೆ ನಿಂತ ಆ ತರುಣಿಗೆ ಲೋಕವು ತೋರಿಸಿದ ದಾರಿ ಒಂದು. ಜಿನವಾಣಿಯು ತೋರಿಸಿದ ದಾರಿ ಇನ್ನೊಂದು. ಆಕೆ ಎರಡನೆಯದರಲ್ಲಿ ನಡೆದುದರಿಂದ ಒಬ್ಬ ಮಗನಿಗೆ ತಾಯಿ ಉಳಿದಳು, ಒಬ್ಬ ಮಹಾಕವಿಗೆ ಆಶ್ರಯ ದೊರೆಯಿತು, ಕನ್ನಡಕ್ಕೆ ಒಂದು ಪುರಾಣ ಹುಟ್ಟಿತು, ಇನ್ನೊಂದು ಉಳಿಯಿತು, ಲಕ್ಕುಂಡಿಯಲ್ಲಿ ಒಂದು ಬಸದಿ ನಿಂತಿತು. ದುಃಖದ ದಿನಗಳಲ್ಲಿ ಶ್ರಾವಕ ಶ್ರಾವಿಕೆಯರೆಲ್ಲರಿಗೂ ಆ ಪುಣ್ಯಚರಿತ್ರೆಯು ದಾರಿದೀಪವಾಗಲಿ.